ಮಸೂದಾಳ ತೋಟಕ್ಕೆ ಸಾಕ್ಷಿ

ಜೆರ್ಬಾ ದ್ವೀಪ,
ಮೊಹರಂ ೫, ಹಿಜರಿ ೧೨೬೫

ಪ್ರೀತಿಯ ಮರ್ಜಾನಣ್ಣಾ,

ಹೇಗಿದ್ದೀಯ? ಸ್ಫಾಕ್ಸ್ ಬಂದರಿನಲ್ಲಿ ಮೂಟೆ ಹೊತ್ತು ನಿನ್ನ ಬೆನ್ನು ಹಿಡಿದುಕೊಂಡಿದೆಯೆಂದು ಕೇಳಿದೆ. ಎಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳುತ್ತಿದ್ದೀಯಾ, ಅಥವಾ ಎಂದಿನಂತೆ ಅಸಡ್ಡೆಯೋ? ನಮ್ಮ ಮಸೂದಮ್ಮ ಆರೋಗ್ಯವಾಗಿದ್ದಾಳೆ. ಆದರೆ ತೋಟದ ಮನೆಯಲ್ಲಿಲ್ಲ, ಊರಾಚೆ ನಿನ್ನ ಚಿಕ್ಕಮ್ಮನ ಗುಡಿಸಲಿನಲ್ಲಿದ್ದಾಳೆ. ಅದಕ್ಕೆ ಕಾರಣ ನಾನು.

ಗುಲಾಮರನ್ನೆಲ್ಲ ಬಿಡಬೇಕೆಂಬ ಆಜ್ಞೆ ಬಂದ ವರ್ಷವೇ ನನ್ನಪ್ಪ ನಿನ್ನನ್ನೂ ನಿನ್ನ ಹೆತ್ತ ಅಮ್ಮನನ್ನೂ ಬಿಡುಗಡೆ ಮಾಡಿ, ಆಲಿವ್ ತೋಟವನ್ನು ಅವಳಿಗೆ ಕೊಟ್ಟದ್ದು ನಿನಗೆ ಗೊತ್ತು. ಬಾಯಿಮಾತಿನಲ್ಲಿ ಕೊಟ್ಟದ್ದು, ಎದುರಿಗಿದ್ದವನು ನಾನೊಬ್ಬನೇ. ಅಪ್ಪ ತೀರಿಕೊಂಡ ನಲವತ್ತನೇ ದಿನಕ್ಕೆ ನನ್ನಣ್ಣ ಶಾಬಾನ್ ತೋಟ ತನ್ನದೆಂದ. ಮಸೀದಿಯ ಅಂಗಳದಲ್ಲಿ ಹಿರಿಯರು ಸೇರಿದರು. "ಬಿಟ್ಟು ಕಳಿಸಿದ್ದೇ ಹೆಚ್ಚು, ಅದರ ಮೇಲೆ ತೋಟ ಬೇರೆ ಬೇಕಂತಾ?" ಎಂದ ಶಾಬಾನ್. ನೇಕಾರ ಸಾಸಿ ಮಾತ್ರ, "ಬಿಡುಗಡೆ ಆದೋರು ಮನುಷ್ಯರೇ ಆದ್ಮೇಲೆ, ಕೊಟ್ಟಿದ್ದು ಅವರದ್ದಲ್ವೇನ್ರಯ್ಯಾ?" ಎಂದ. "ಇವತ್ತು ತೋಟ ಕೇಳ್ತಾರೆ, ನಾಳೆ ನಿನ್ನ ಮಗಳನ್ನೇ ಕೇಳ್ತಾರೆ ತಗೋ" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು.

ಅಮ್ಮ, "ಸರಪಳಿ ಬಿಚ್ಚಿದ್ರಿ, ಸರಿ. ಕಾಲೂರೋಕೆ ನೆಲ ಬ್ಯಾಡ್ವಾ?" ಎಂದು ಕೇಳಿ ನನ್ನತ್ತ ತಿರುಗಿದಳು. "ಹೇಳೋ ಯಹ್ಯಾ, ನಿನ್ನೆದುರಿಗೇ ತಾನೇ ನಿಮ್ಮಪ್ಪ ಹೇಳಿದ್ದು?" ಶಾಬಾನ್ ನನ್ನ ಮುಖವನ್ನೇ ನೋಡುತ್ತಿದ್ದ. ನನಗೆ ಹೆಣ್ಣು ಗೊತ್ತುಮಾಡಿದವನು ಅವನೇ. "ನೆನಪಿಲ್ಲ" ಎಂದುಬಿಟ್ಟೆ. ನಿನ್ನನ್ನೂ ನನ್ನನ್ನೂ ಒಂದೇ ಮಡಿಲಲ್ಲಿ ಹಾಕಿಕೊಂಡು ಹಾಲೂಡಿಸಿದವಳ ಎದುರು! ಬೈಯುತ್ತಾಳೆಂದು ಕಾದೆ. "ಹೋಗ್ಲಿ ಬಿಡು ಮಗಾ, ಬಿಸಿಲಲ್ಲಿ ನಿಲ್ಬೇಡ" ಎಂದು ಹೊರಟುಹೋದಳು.

ಎಂಟು ದಿನ ಅವಳಿದ್ದ ಗುಡಿಸಲಿನ ದಾರಿ ತುಳಿಯಲಿಲ್ಲ. ಒಂಬತ್ತನೇ ದಿನ ಖಾಜಿಯ ಕಚೇರಿಗೆ ಹೋಗಿ ಅಪ್ಪ ಹೇಳಿದ್ದನ್ನೆಲ್ಲ ಇದ್ದದ್ದಿದ್ದಂತೆ ಬರೆಸಿದೆ. ಶಾಬಾನ್ ನನ್ನನ್ನು ಮನೆಯಿಂದ ಹೊರಗೆ ಹಾಕಿದ; ಮದುವೆಯೂ ಮುರಿಯಿತು. ನೀನು ಕನಿಕರಪಡಲಿ ಎಂದು ಇದನ್ನು ಬರೆಯುತ್ತಿಲ್ಲ. ಈಗ ಸಾಸಿಯ ಮಗ್ಗದ ಕೋಣೆಯಲ್ಲಿ ಮಲಗುತ್ತೇನೆ.

ಅತ್ತಿಗೆಗೆ ಸಲಾಂ. ಮಗುವಿಗೊಂದು ಮುತ್ತು. ದೇವರು ನಿಮ್ಮ ಹೊಸಿಲು ಕಾಯಲಿ.

ಇನ್ನೂ ಹಾಗೆ ಕರೆಯುವುದಾದರೆ, ನಿನ್ನ ತಮ್ಮ
ಯಹ್ಯಾ

ಮತ್ತೆ: ಮರೆತದ್ದಲ್ಲ, ಇಷ್ಟು ಹೊತ್ತು ಬರೆಯಲು ಕೈ ಬರಲಿಲ್ಲ. ಕಚೇರಿಯ ಗುಮಾಸ್ತ "ಆಕೆ ನಿನಗೇನಾಗ್ಬೇಕು?" ಎಂದು ಕೇಳಿದ. "ತಾಯಿ" ಎಂದೆ. "ಹಾಗಂತ ಬರೆದ್ರೆ, ತಾಯಿ ಪರ ಮಗನ ಸಾಕ್ಷಿ ನಡೆಯಲ್ಲ ಅಂತ ನಿಮ್ಮಣ್ಣ ಎಗರಾಡ್ತಾನೆ. ಯೋಚಿಸಿ ಹೇಳು" ಎಂದ. "ಏನೂ ಆಗಬೇಕಿಲ್ಲ" ಎಂದು ಬರೆಸಿದ್ದೇನೆ. ಮೊಹರಂ ಇಪ್ಪತ್ತಕ್ಕೆ ಖಾಜಿಯ ವಿಚಾರಣೆಯಲ್ಲಿ ಅದನ್ನು ಅವಳೆದುರು ಗಟ್ಟಿಯಾಗಿ ಓದುತ್ತಾರೆ. ಅಷ್ಟರೊಳಗೆ ಬಾ ಅಣ್ಣಾ. ಓದುವಾಗ ಅವಳ ಪಕ್ಕದಲ್ಲಿ ಕೂತಿರು.