ಪೈಪಿನ ಅಂಚು

ಲುಸ್ವಿ,

ಕೋಳಿಗಳು ತಲೆ ತೂರಿಸಿ ಕಾಳು ತಿನ್ನಲೆಂದು ನಾನು ಬಕೆಟ್ಟಿಗೆ ಪೈಪು ಜೋಡಿಸಿ ತೊಟ್ಟಿ ಮಾಡಿದ್ದೆನಲ್ಲ, ಅದರ ಹತ್ತಿರ ಕೋಳಿಗಳನ್ನು ಬಿಡಬೇಡ. ಇವತ್ತು ಮೊರದಲ್ಲೇ ಕಾಳು ಹಾಕು.

ಚುಕ್ಕೆ ಕೋಳಿಯ ಕುತ್ತಿಗೆಗೆ ಗಾಯ ಮಾಡಿದ್ದು ಬೆಕ್ಕಲ್ಲ. ಬೆಳಿಗ್ಗೆ ಬಕೆಟ್ಟಿಗೆ ಜೋಳದ ನುಚ್ಚು ತುಂಬಿ, ಪೈಪಿನ ಬಾಯಿಗೆ ಕೈ ಹಾಕಿದೆ. ನನ್ನ ಬೆರಳೇ ಕೊಯ್ದುಹೋಯಿತು. ಅಂಚಿನಲ್ಲಿ ಚುಕ್ಕೆ ಕೋಳಿಯ ಪುಕ್ಕ ಅಂಟಿತ್ತು. ಗರಗಸದಲ್ಲಿ ಕತ್ತರಿಸಿ ಹಾಗೇ ಸಿಕ್ಕಿಸಿದವನು ನಾನು. "ಅಂಚು ಸ್ವಲ್ಪ ಉಜ್ಜೋ ಮಾರಾಯ" ಎಂದು ನೀನು ಅವತ್ತೇ ಹೇಳಿದ್ದೆ. "ಕೋಳಿಗೇನು ರೇಷ್ಮೆ ದಿಂಬು ಬೇಕಾ?" ಎಂದು ನಾನು ನಕ್ಕುಬಿಟ್ಟಿದ್ದೆ.

ನಿನ್ನೆ, "ಬೆಕ್ಕು ನುಗ್ಗಿದೆ, ಗೂಡಿನ ಬಾಗಿಲು ಹಾಕೋಕೂ ಬರಲ್ವಾ ನಿಂಗೆ?" ಎಂದು ನಾನು ಕೂಗಾಡಿದೆ. "ಹಾಕಿದ್ದೆ ಕಣೋ" ಎಂದು ನೀನು ಒಂದೇ ಸಲ ಹೇಳಿದೆ. ನಾನು ನಂಬಲಿಲ್ಲ. ನೀನು ಉಣ್ಣದೆ ಮಲಗಿದೆ. ನಾನು ಹೊಟ್ಟೆ ತುಂಬ ಉಂಡೆ.

ಕೋಳಿಗೆ ಅರಿಶಿನ ಹಚ್ಚಿದ್ದೇನೆ, ಬದುಕುತ್ತದೆ. ಅನ್ನ, ಹುರಿದ ಒಣಮೀನು ಮುಚ್ಚಿಟ್ಟಿದ್ದೇನೆ, ತಿನ್ನು. ನಿನ್ನನ್ನು ಎಬ್ಬಿಸಿ ಹೇಳಬೇಕಿತ್ತು. ದೋಣಿಗೆ ಹೊತ್ತಾಯಿತು ಎಂದುಕೊಂಡೆ, ಆದರೆ ನಿಜವಾಗಿ ಧೈರ್ಯ ಬರಲಿಲ್ಲ.

ಸಂಜೆ ನಿನ್ನ ಅಕ್ಕ ರೊವೆನಾಳನ್ನು ಮನೆಗೆ ಕರೆ. ನಿನ್ನೆ ಬೈದದ್ದು ಅವಳ ಎದುರಿಗೆ. ತಪ್ಪು ನನ್ನದೆಂದು ಹೇಳುವುದೂ ಅವಳ ಎದುರಿಗೇ.

ನೆಸ್ತೋರ್