ಹಲಸಿನ ಅಂಟು

೧೭ ಜೂನ್ ೧೯೫೮, ಮಂಗಳವಾರ. ಯಲಹಂಕ.

ನಿದ್ದೆ ಹತ್ತುತ್ತಿಲ್ಲ. ಬೆಳಿಗ್ಗೆ ದ್ರಾವಣಗಳ ಪಾಠ. ಉಪ್ಪು, ಸಕ್ಕರೆ ಕರಗಿಸಿ ತೋರಿಸಿ, ನೀರಿನಲ್ಲಿ ಕರಗದ್ದು ಯಾವುದೂ ಇಲ್ಲವೆಂದು ಜಂಬದಿಂದ ಹೇಳಿಬಿಟ್ಟೆ. ಜಕ್ಕೂರಿನಿಂದ ನಡೆದು ಬರುವ ಮುನಿಯಲ್ಲಮ್ಮ ಎದ್ದು ನಿಂತಳು.

"ಅಲಸಿನ ಅಂಟು ನೀರಿಗೆ ಓಗಲ್ಲ ಸಾ. ಎಣ್ಣೆ ಅಚ್ಬೇಕು."

ಹುಡುಗರು ನಕ್ಕರು. ನನಗೆ ರೇಗಿತು. "ಅಡುಗೆಮನೆ ಮಾತೆಲ್ಲ ಇಲ್ಲಿ ಬೇಡ" ಎಂದು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಗಂಟೆ ಹೊಡೆಯುವವರೆಗೂ ನಿಂತಿದ್ದಳು, ಅಳಲಿಲ್ಲ.

ಸಂಜೆ ಹಲಸಿನಹಣ್ಣು ಬಿಡಿಸಲು ಕೂತಾಗ ನನ್ನವಳು ಎಂದಿನಂತೆ ನನ್ನ ಅಂಗೈಗೆ ಎಣ್ಣೆ ಸುರಿದಳು. ಹನ್ನೆರಡು ವರ್ಷದಿಂದ ಸುರಿಯುತ್ತಿದ್ದಾಳೆ!

ಎಣ್ಣೆಯೂ ದ್ರಾವಕವೇ. ಪುಸ್ತಕದಲ್ಲೇ ಇದೆ, ಈಗ ತೆಗೆದು ನೋಡಿದೆ. ನಾಳೆ ತರಗತಿಯ ಮುಂದೆ ತಪ್ಪೊಪ್ಪಿಕೊಳ್ಳಬೇಕು. ಹುಡುಗರು ನಗಲಿ. ಆದರೆ ಮುನಿಯಲ್ಲಮ್ಮನ ಮನೆಯಲ್ಲಿ ಮೊದಲೇ ಓದು ಬಿಡಿಸುವ ಮಾತಿದೆ. ನಾಳೆ ಅವಳು ಬಂದರೆ ತಾನೇ...