ಅರ್ಧಕ್ಕೆ ನಿಂತ ಪ್ರಸಂಗ

ಮಂಗಳವಾರ, ಮಧ್ಯಾಹ್ನ

ಪ್ರಿಯರೇ,

‘ಕರ್ತನಲ್ಲಿ ವಂದನೆಗಳು’ ಎಂದು ಬರೆದು ಹೊಡೆದುಹಾಕಿದೆ. ಅದು ನೀವು ಚರ್ಚಿನ ಸಭೆಗೆ ಬರೆಯುವ ರೀತಿ. ಇದು ಹೆಂಡತಿ ಗಂಡನಿಗೆ ಬರೆಯುವ ಕಾಗದ. ನೀವು ಬಿಷಪ್ಪರ ಮುಂದೆ ಕೂರುವ ಮೊದಲೇ ಕೈ ಸೇರಲಿ ಎಂದು ಇವತ್ತೇ ಅಂಚೆಗೆ ಹಾಕುತ್ತಿದ್ದೇನೆ.

ಅತ್ತೆ ಹಾಗೇ ಇದ್ದಾರೆ. ಮಗ್ಗುಲು ಬದಲಿಸಿದಾಗಲೆಲ್ಲ “ಅವನು ಉಂಡ್ನಾ?” ಎಂದು ಕೇಳುತ್ತಾರೆ. ಉಂಡರು ಎನ್ನುತ್ತೇನೆ. ನೀವು ಉಣ್ಣುತ್ತಿಲ್ಲ ಎಂದು ನನಗೆ ಗೊತ್ತು.

ಇಲ್ಲಿಂದ ಬಿಷಪ್ಪರಿಗೆ ಎರಡು ದೂರು ಹೋಗಿವೆಯಂತೆ. ನೀವು ಬೋಧಪೀಠದಲ್ಲಿ ರಾಜಕೀಯ ಮಾತಾಡಿದಿರಿ ಎಂದು ಕಿಟಕಿ ಕಡೆ ಬೆಂಚಿನವರದು. ನೀವು ಹೆದರಿ, ಆರ್ಗನ್ ನುಡಿಸುವ ನನಗೆ ಕಣ್ಸನ್ನೆ ಮಾಡಿ, ಭಾನುವಾರದ ಪ್ರಸಂಗದ ಮಧ್ಯೆಯೇ ಕೀರ್ತನೆ ಶುರು ಮಾಡಿಸಿದಿರಿ ಎಂದು ಬಾಗಿಲ ಕಡೆಯವರದು. ಅತ್ತ ದರಿ, ಇತ್ತ ಪುಲಿ. ಚುನಾವಣೆಯಿಂದೀಚೆಗೆ ನಮ್ಮವರು ಹೀಗೆ ಎರಡು ಪಾಲಾಗಿ ಕೂತಿದ್ದಾರಲ್ಲ, ನಿಮ್ಮನ್ನು ಬೈಯುವುದರಲ್ಲಾದರೂ ಒಂದಾದರು ಬಿಡಿ.

ನೀವು ಯಾರಿಗೂ ಎದುರು ಮಾತಾಡಲಿಲ್ಲ. ‘ನೀನು ತಪ್ಪು ತಿಳಿದು ನುಡಿಸಿದೆ, ನಾನು ಮಾತಿನ ನಡುವೆ ತಡೆದದ್ದು ಸ್ವಲ್ಪ ಹೆಚ್ಚೇ ಹೊತ್ತಾಯಿತು’ ಎಂದು ನನ್ನನ್ನೇ ಸಮಾಧಾನ ಮಾಡಿ ರೈಲು ಹತ್ತಿದಿರಿ.

ತಪ್ಪು ತಿಳಿದದ್ದಲ್ಲ ರೀ. ಬೇಕೆಂದೇ ನುಡಿಸಿದೆ.

ಶನಿವಾರ ಊಟದ ಮೇಜಿನ ಮೇಲೆ ಪ್ರಸಂಗ ಬರೆಯುತ್ತ ನೀವೇ ನನಗೆ ಹೇಳಿದ್ದಿರಿ. ಬಣ್ಣದ ಕಾರ್ಖಾನೆಯ ತೊಟ್ಟಿ ತೊಳೆಯಲು ಇಳಿದು ಉಸಿರುಗಟ್ಟಿ ಸತ್ತವನು ನಮ್ಮ ಸಭೆಯವನು. ಒಳಗೆ ವಿಷಗಾಳಿ ಇದೆ ಎಂದು ಗೊತ್ತಿದ್ದೂ ಇಳಿಸಿದ ಮ್ಯಾನೇಜರು ನಮ್ಮ ಸಭೆಯ ಹಿರಿಯರು. ಇದನ್ನು ನಾನು ಹೇಳದಿದ್ದರೆ ಯಾರು ಹೇಳುತ್ತಾರೆ ಎಂದಿರಿ. ನಾನು ಹೂಂ ಎಂದೆ. ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಇದುವರೆಗೆ ಮೂರು ಸಭೆ, ಮೂರು ಮನೆ. ಪ್ರತಿ ಸಲವೂ ನಿಮ್ಮ ಬಾಯಿ, ನನ್ನ ಗಂಟುಮೂಟೆ. ಹಾಸಿಗೆ ಹಿಡಿದ ಅತ್ತೆಯನ್ನು ಎತ್ತಿಕೊಂಡು ನಾಲ್ಕನೆಯದಕ್ಕೆ ಎಲ್ಲಿಗೆ ಹೋಗಲಿ?

ಭಾನುವಾರ ಸತ್ತವನ ಹೆಂಡತಿ ಮುಂದಿನ ಬೆಂಚಿನಲ್ಲಿದ್ದಳು. ಮಣ್ಣು ಮಾಡಿದ ಮೇಲೆ ಬಂದದ್ದು ಅದೇ ಮೊದಲು. ಈ ಸಾವು ದೇವರ ಚಿತ್ತವಲ್ಲ ಎಂದು ನೀವು ಹೇಳಿದಾಗ ಆಕೆ ತಲೆ ಎತ್ತಿದಳು. ಹಾಗಾದರೆ ಯಾರ ಚಿತ್ತ ಎಂದು ಕೇಳಿ ಉಸಿರು ತೆಗೆದುಕೊಂಡಿರಿ. ಉತ್ತರ ನನಗೆ ಗೊತ್ತಿತ್ತು. ಆರ್ಗನ್ ಶುರುವಾದರೆ ನಮ್ಮವರು ನಿದ್ದೆಗಣ್ಣಲ್ಲೂ ಎದ್ದು ನಿಲ್ಲುತ್ತಾರೆ ಎಂದೂ ಗೊತ್ತಿತ್ತು.

ಎಲ್ಲರೂ ಎದ್ದರು. ಆಕೆಯೂ ಎದ್ದಳು. ಗಂಡ ಯಾಕೆ ಸತ್ತ ಎಂದು ಕೇಳಿಸಿಕೊಳ್ಳಲು ಬಂದವಳು ಪುಸ್ತಕ ತೆರೆದು ದೇವರ ಸ್ತುತಿ ಹಾಡಿದಳು. ಕಿಟಕಿಯವರೂ ಬಾಗಿಲಿನವರೂ ಎಷ್ಟೋ ತಿಂಗಳ ಮೇಲೆ ಒಂದೇ ದನಿಯಲ್ಲಿ ಹಾಡಿದ್ದು ಅವತ್ತೇ. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ನಿನ್ನೆ ಔಷಧಿ ಅಂಗಡಿಯಲ್ಲಿ ಆಕೆ ಸಿಕ್ಕಿದಳು. “ಅಮ್ಮಾ, ಅಯ್ಯನೋರು ಇನ್ನೂ ಏನೋ ಹೇಳೋದಿತ್ತು ಅಲ್ವಾ? ನಿಮಗೇನಾದ್ರೂ ಗೊತ್ತಾ?” ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅತ್ತೆಯ ಔಷಧಿಯನ್ನು ಅಲ್ಲೇ ಮರೆತು ಮನೆಗೆ ಬಂದೆ.

ಬಿಷಪ್ಪರು ಕೇಳಿದರೆ ಹೆಂಡತಿ ಬೇಕೆಂದೇ ಮಾಡಿದಳು ಎಂದು ಹೇಳಿ. ನನ್ನನ್ನು ಉಳಿಸಲು ಹೋಗಿ ಹೇಡಿ ಎನ್ನಿಸಿಕೊಂಡು ಬರಬೇಡಿ. ಗಂಟುಮೂಟೆ ಕಟ್ಟುವುದಾದರೆ ಕಟ್ಟುತ್ತೇನೆ, ನನಗೆ ಅಭ್ಯಾಸವಿದೆ.

ಇನ್ನೂ ಹೀಗೆ ಬರೆಯಬಹುದಾದರೆ,
ನಿಮ್ಮವಳು

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಮನಸ್ಸು ಒಪ್ಪುತ್ತಿಲ್ಲ. ಕೀರ್ತನೆ ಸಾಕು ಅನ್ನಿಸಿದಾಗ ನೀವು ಕೈ ಎತ್ತುತ್ತೀರಿ, ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಮದುವೆಯಾದಾಗಿನಿಂದ ಹೀಗೇ ನಡೆದಿದೆ. ಅವತ್ತು ಮೊದಲ ಚರಣ ಮುಗಿಯುವವರೆಗೂ ನಿಮ್ಮ ಕೈಯನ್ನೇ ನೋಡುತ್ತಿದ್ದೆ. ಆಣೆ ಇಡಬಾರದು ಎಂದು ನೀವೇ ಬೋಧಿಸುತ್ತೀರಿ, ಆದರೂ ದೇವರಾಣೆಗೂ ಹೇಳುತ್ತೇನೆ, ಎತ್ತಿದ್ದರೆ ನಿಲ್ಲಿಸುತ್ತಿದ್ದೆ. ನಿಮ್ಮ ಮುಖದಲ್ಲಿ ಸಿಟ್ಟು ಹುಡುಕಿದೆ, ಕಾಣಲಿಲ್ಲ. ಬದುಕಿದೆಯಾ ಬಡಜೀವವೇ ಎಂಬಂತೆ ನಿಟ್ಟುಸಿರು ಬಿಟ್ಟಿರಿ. ಆಮೇಲೆ ಪುಟ ಹುಡುಕಿ, ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದಿರಿ.